ಗುಜರಿಗೆ ಹೋಗದ ಆಸ್ಟಿನ್

ಮಲ್ಲೇಶ್ವರ, ಬೆಂಗಳೂರು-3
4 ಫೆಬ್ರವರಿ 1998

ಶ್ರೀ ಕೇದಾರ್ ಅವರಿಗೆ ನಮಸ್ಕಾರ.

ನಿಮಗೆ ನನ್ನ ಪರಿಚಯವಿಲ್ಲ. ಇಲ್ಲಿಯೇ ಒಂದು ಪ್ರೌಢಶಾಲೆಯಲ್ಲಿ ಗಣಿತ ಹೇಳಿಕೊಡುತ್ತೇನೆ. ಮೊನ್ನೆ ಭಾನುವಾರ ಹಳೆಯ ಕಾರುಗಳ ರ‍್ಯಾಲಿ ನಡೆಯಿತಲ್ಲ, ಅದರ ಚಿತ್ರ ಮಾರನೆಯ ದಿನ ಪತ್ರಿಕೆಯಲ್ಲಿ ಬಂದಿತ್ತು. ಕೆಂಪು ಬಣ್ಣದ ಆಸ್ಟಿನ್ ಟೆನ್ ಪಕ್ಕದಲ್ಲಿ ನೀವು ನಿಂತಿದ್ದಿರಿ. 'ಅಜ್ಜ, ಅಪ್ಪ, ಈಗ ಮಗ: ಮೂರು ತಲೆಮಾರಿನ ಕಾರು ಪ್ರೀತಿ' ಎಂದು ಕೆಳಗೆ ಬರೆದಿದ್ದರು. ಕಾರಿನ ನಂಬರು ಸ್ಪಷ್ಟವಾಗಿ ಕಾಣುತ್ತಿತ್ತು. ಎಂವೈಬಿ 2716.

ಅದು ನಮ್ಮ ತಂದೆ ರಾಮಾನುಜ ಅವರ ಕಾರು. ತಂದೆಯನ್ನು ಮನೆಯಲ್ಲಿ ನಾವು ಅಣ್ಣ ಎಂದು ಕರೆಯುತ್ತಿದ್ದೆವು. ಆಗ ಅದಕ್ಕೆ ಕಡುಹಸಿರು ಬಣ್ಣ. 1974ರಲ್ಲಿ ಮಡ್‌ಗಾರ್ಡ್ ನಜ್ಜುಗುಜ್ಜಾಗಿ, ರಿಪೇರಿಗೆಂದು ನಿಮ್ಮ ತಂದೆಯವರ ಷೆಡ್ಡಿಗೆ ಬಿಟ್ಟಿದ್ದರು. ಅದು ಹಿಂದಿರುಗಲಿಲ್ಲ. ರಿಪೇರಿಯಾಗದ ಸ್ಥಿತಿಯಲ್ಲಿತ್ತು, ಗುಜರಿಗೆ ಹೋಯಿತು ಎಂದು ನಮಗೆ ತಿಳಿಸಲಾಗಿತ್ತು. ಗುಜರಿಗೆ ಹೋದ ಕಾರು ಇಪ್ಪತ್ತನಾಲ್ಕು ವರ್ಷದ ನಂತರ ಕಬ್ಬನ್ ಪಾರ್ಕಿನ ಎದುರು ಹೂಮಾಲೆ ಹಾಕಿಕೊಂಡು ನಿಂತಿದ್ದು ಹೇಗೆ?

ಟೆಲಿಫೋನ್ ಡೈರೆಕ್ಟರಿಯಲ್ಲಿ ನಿಮ್ಮ ನಂಬರು ಸಿಕ್ಕಿತು. ಬೇಕೆಂದೇ ಫೋನ್ ಮಾಡಲಿಲ್ಲ. ಉತ್ತರ ಬರಹದಲ್ಲಿರಲಿ.

ಇಂತಿ,
ಸುಪ್ರಜಾ

*

ಚಾಮರಾಜಪೇಟೆ, ಬೆಂಗಳೂರು-18
13 ಫೆಬ್ರವರಿ 1998

ಶ್ರೀಮತಿ ಸುಪ್ರಜಾ ಅವರಿಗೆ,

ನಿಮ್ಮ ರಿಜಿಸ್ಟರ್ಡ್ ಪತ್ರ ತಲುಪಿತು. ವಕೀಲ ಮಿತ್ರರನ್ನು ಕೇಳಿಯೇ ಉತ್ತರಿಸುತ್ತಿದ್ದೇನೆ.

ಆಸ್ಟಿನ್ ಕಾರಿನ ಆರ್.ಸಿ. ಪುಸ್ತಕ ನಮ್ಮ ತಂದೆ ಶಿವರುದ್ರಪ್ಪನವರ ಹೆಸರಿನಲ್ಲಿದೆ. 1975ರ ಜನವರಿಯಲ್ಲಿ ವರ್ಗಾವಣೆಯಾಗಿದೆ. ವರ್ಗಾವಣೆ ಅರ್ಜಿಯ ನಕಲು ನನ್ನ ಬಳಿ ಇದ್ದು, ಅದರಲ್ಲಿ ನಿಮ್ಮ ತಂದೆಯವರ ಸಹಿ ಇದೆ. ಇದಕ್ಕಿಂತ ಹೆಚ್ಚು ವಿವರಿಸುವ ಅಗತ್ಯ ನನಗೆ ಕಾಣುವುದಿಲ್ಲ.

ನಮ್ಮ ಅಜ್ಜ ಚಿಕ್ಕಪೇಟೆಯ ರೇಷ್ಮೆ ವ್ಯಾಪಾರಿ. 1947ರಲ್ಲಿ ಊರು ಬಿಟ್ಟು ಹೊರಟಿದ್ದ ಬ್ರಿಟಿಷ್ ದೊರೆಯೊಬ್ಬನಿಂದ ಮೊದಲ ಫೋರ್ಡ್ ತೆಗೆದುಕೊಂಡರು. ಅಲ್ಲಿಂದ ಇಲ್ಲಿಯವರೆಗೆ ನಮ್ಮ ಷೆಡ್ಡಿನಲ್ಲಿ ನಿಂತ ನಾಲ್ಕು ಕಾರುಗಳಲ್ಲಿ ಒಂದೂ ಅಡ್ಡದಾರಿಯಲ್ಲಿ ಬಂದದ್ದಲ್ಲ. ಕಾರಿನ ವಿಷಯದಲ್ಲಿ ನಮ್ಮ ತಂದೆಯ ಮಾತೆಂದರೆ ಈ ಊರಿನ ಹಳೆಯ ಮೆಕ್ಯಾನಿಕ್‌ಗಳೆಲ್ಲ ಇವತ್ತಿಗೂ ಎದ್ದು ನಿಲ್ಲುತ್ತಾರೆ.

ಇನ್ನೊಂದು ಮಾತು ಕೇಳಲೇಬೇಕಾಗಿದೆ. ಮುಂಬಯಿಯ ದಲ್ಲಾಳಿಯೊಬ್ಬ ಹೋದ ವರ್ಷದಿಂದ ಈ ಆಸ್ಟಿನ್‌ಗಾಗಿ ಬೆನ್ನು ಬಿದ್ದಿದ್ದಾನೆ. ನಾನು ಒಪ್ಪಿಲ್ಲ. ಸರಿಯಾಗಿ ಈ ಹೊತ್ತಿಗೇ ನಿಮ್ಮ ಪತ್ರ ಬಂದಿದೆ. ಅವನಿಗೂ ನಿಮಗೂ ಸಂಬಂಧವಿಲ್ಲ ಎಂದು ನಾನು ಹೇಗೆ ನಂಬಲಿ?

ಕೇದಾರ್

*

ಮಲ್ಲೇಶ್ವರ
20 ಫೆಬ್ರವರಿ 1998

ಶ್ರೀ ಕೇದಾರ್ ಅವರಿಗೆ,

ನಿಮ್ಮ ದಲ್ಲಾಳಿ ಯಾರೋ ನನಗೆ ಗೊತ್ತಿಲ್ಲ. ಆ ಕಾರನ್ನು ಮಾರಿ ನನಗೆ ಆಗಬೇಕಾದದ್ದು ಏನೂ ಇಲ್ಲ.

ಅಣ್ಣ ಸಹಿ ಹಾಕಿದ್ದು ನಿಜ. ಏಕೆ ಹಾಕಿದರು ಎಂಬುದಕ್ಕೆ ಈ ಪತ್ರದ ಜೊತೆಗಿರುವ ಜೆರಾಕ್ಸ್ ನೋಡಿ. ಅಣ್ಣ ತೀರಿಕೊಂಡು ಒಂಬತ್ತು ವರ್ಷವಾಯಿತು. ಅವರ ಮೇಜಿನ ಖಾನೆಯಲ್ಲಿ, ಪಂಚಾಂಗದೊಳಗೆ ಈ ಕಾಗದ ಇತ್ತು. ನಿಮ್ಮ ತಂದೆ 1974ರ ಡಿಸೆಂಬರಿನಲ್ಲಿ ಬರೆದದ್ದು. 'ಚಾಸಿ ಎರಡು ಕಡೆ ಬಿರುಕು ಬಿಟ್ಟಿದೆ. ಬೆಸುಗೆ ನಿಲ್ಲುವುದಿಲ್ಲ. ಇದನ್ನು ಓಡಿಸುವುದು ಪ್ರಾಣಕ್ಕೆ ಅಪಾಯ. ಗುಜರಿಗೆ ಹಾಕದೆ ಬೇರೆ ದಾರಿಯಿಲ್ಲ, ಕಾಗದಪತ್ರಕ್ಕೆ ಸಹಿ ಮಾಡಿ ಕಳಿಸಿ' ಎಂದಿದೆ. ಅಕ್ಷರ ನಿಮಗೆ ಗುರುತು ಸಿಗಬಹುದು.

ಆ ಕಾರು ಕೆಟ್ಟ ದಿನ ನಾನು ಮುಂದಿನ ಸೀಟಿನಲ್ಲಿದ್ದೆ. ನನಗೆ ಏಳು ವರ್ಷ. ಮಾರ್ಗೋಸಾ ರಸ್ತೆಯಲ್ಲಿ ಕಂದು ನಾಯಿಯೊಂದು ಅಡ್ಡ ಬಂತು, ಅಣ್ಣ ಪಕ್ಕಕ್ಕೆ ತಿರುಗಿಸಿದರು, ಕಾಂಪೌಂಡಿನ ಕಲ್ಲುಕಂಬಕ್ಕೆ ಮಡ್‌ಗಾರ್ಡ್ ಬಡಿಯಿತು. ಅಷ್ಟೆ. ಅಷ್ಟಕ್ಕೆ ಇಡೀ ಕಾರನ್ನು ಹೊರುವ ಚಾಸಿ ಎರಡು ಕಡೆ ಬಿರುಕು ಬಿಡುತ್ತದೆಯೇ? ಕಾರಿನವರು ನೀವು, ಹೇಳಿ.

ಆಮೇಲೆ ಅಣ್ಣ ಬೇರೆ ಕಾರು ಕೊಳ್ಳಲಿಲ್ಲ. ನಮ್ಮ ತಾತ ಕೊಟ್ಟು ಹೋದ ಕಾರು ಅದು. ಭಾನುವಾರ ಬೆಳಿಗ್ಗೆ, ಮುಂಚೆ ಅದನ್ನು ಒರೆಸುತ್ತಿದ್ದ ಹೊತ್ತಿನಲ್ಲಿ ಅವರು ಗೇಟಿನ ಹತ್ತಿರ ಕುರ್ಚಿ ಹಾಕಿಕೊಂಡು ಸುಮ್ಮನೆ ಕೂರುತ್ತಿದ್ದರು. ಯಾರಾದರೂ ಮಾತಾಡಿಸಿದರೆ ಎದ್ದು ಒಳಗೆ ಹೋಗುತ್ತಿದ್ದರು. ನಿಮ್ಮ ತಂದೆ ಅವರ ಸ್ನೇಹಿತರಾಗಿದ್ದರು ಎಂದು ಕೇಳಿದ್ದೇನೆ.

ಸುಪ್ರಜಾ

*

ಚಾಮರಾಜಪೇಟೆ
31 ಮಾರ್ಚ್ 1998

ಸುಪ್ರಜಾ ಅವರಿಗೆ,

ಉತ್ತರ ತಡವಾಯಿತು. ಎರಡು ಸಲ ಬರೆದು ಹರಿದು ಹಾಕಿದೆ. ವಕೀಲ ಮಿತ್ರರು ಇನ್ನು ಏನೂ ಬರೆಯಬೇಡ ಎಂದಿದ್ದಾರೆ. ಆದರೂ ಬರೆಯುತ್ತಿದ್ದೇನೆ.

ಅಕ್ಷರ ನಮ್ಮ ಅಪ್ಪಾಜಿಯವರದ್ದೇ.

1991ರಲ್ಲಿ ಈ ಆಸ್ಟಿನ್ ಅನ್ನು ಪೂರ್ತಿ ಬಿಚ್ಚಿ ಮತ್ತೆ ಜೋಡಿಸಿದವನು ನಾನು. ಬಾಡಿ ಎತ್ತಿಟ್ಟು, ಚಾಸಿಯನ್ನು ಸೀಮೆಎಣ್ಣೆಯಲ್ಲಿ ತೊಳೆದು, ನಾಲ್ಕು ತಿಂಗಳು ಅದರ ಕೆಳಗೇ ಮಲಗಿದ್ದೆ. ಅದರ ಒಂದೊಂದು ರಿವೆಟ್ಟೂ ನನಗೆ ಗೊತ್ತು. ಅದರಲ್ಲಿ ಬಿರುಕು ಇಲ್ಲ. ಬೆಸುಗೆ ಹಾಕಿದ ಗುರುತೂ ಇಲ್ಲ. ಯಾವತ್ತೂ ಇರಲಿಲ್ಲ.

ನೀವು ಕಳಿಸಿದ ಜೆರಾಕ್ಸ್ ಕೈಯಲ್ಲಿ ಹಿಡಿದುಕೊಂಡು ಷೆಡ್ಡಿಗೆ ಹೋಗಿ, ಮತ್ತೆ ಜ್ಯಾಕ್ ಕೊಟ್ಟು ಎತ್ತಿ, ಟಾರ್ಚು ಹಾಕಿ ನೋಡಿದೆ. ನನ್ನ ನೆನಪೇ ತಪ್ಪಿರಲಿ ಎಂದು ಬಯಸಿದ್ದೆ.

ಊಟಕ್ಕೆ ಕೂತಾಗ ಅಪ್ಪಾಜಿಯನ್ನು ಕೇಳಿದೆ. "ಆಸ್ಟಿನ್ ಯಾರ್ ಹತ್ರ ತಗೊಂಡಿದ್ದು ಅಪ್ಪಾಜಿ?"

"ಮಲ್ಲೇಶ್ವರದೋರು ಒಬ್ರು."

"ಹೆಸರು?"

"ಈಗ್ಯಾಕೆ ಅದೆಲ್ಲ? ಸಾರು ಹಾಕ್ಕೋ."

ಎಪ್ಪತ್ತಾರು ವರ್ಷದ ಮನುಷ್ಯ. ಕಾರ್ಬುರೇಟರಿನ ಸಣ್ಣ ಸ್ಕ್ರೂ ಯಾವ ಅಂಗಡಿಯಿಂದ ತಂದದ್ದೆಂದು ಇವತ್ತಿಗೂ ಹೇಳಬಲ್ಲವರು. ಅವರಿಗೆ ಹೆಸರು ಮರೆತಿಲ್ಲ. ಹೇಳಲು ಇಷ್ಟವಿರಲಿಲ್ಲ.

ನಿಮ್ಮ ಮೇಲೆ ಅನುಮಾನಪಟ್ಟು ಬರೆದದ್ದಕ್ಕೆ ಕ್ಷಮೆ ಇರಲಿ. ಸ್ವಲ್ಪ ಸಮಯ ಕೊಡಿ.

ಕೇದಾರ್

*

ಮಲ್ಲೇಶ್ವರ
20 ಏಪ್ರಿಲ್ 1998

ಕೇದಾರ್ ಅವರಿಗೆ,

ಸಮಯ ಕೊಡುವ ತಾಳ್ಮೆ ನನಗಿರಲಿಲ್ಲ. ಹೇಳದೆ ಕೇಳದೆ ನಿನ್ನೆ ನಿಮ್ಮ ಮನೆಗೆ ಬಂದದ್ದು ತಪ್ಪು. ಆದರೆ ಮುಂಚೆ ತಿಳಿಸಿದ್ದರೆ ನೀವು ಕಾರನ್ನು ಬೇರೆಲ್ಲಾದರೂ ಇಟ್ಟುಬಿಡುತ್ತೀರಿ ಎಂಬ ಹೆದರಿಕೆ ಇತ್ತು. ನಿಮ್ಮ ಕಳೆದ ಪತ್ರವನ್ನು ಓದಿದ ಮೇಲೂ ಇತ್ತು. ಒಳ್ಳೆಯ ಮಾತಾಡಿ ನನ್ನನ್ನು ಸುಮ್ಮನಾಗಿಸುತ್ತಿದ್ದೀರೋ ಏನೋ ಎಂದುಕೊಂಡಿದ್ದೆ.

ಷೆಡ್ಡಿನಲ್ಲಿ ನೀವು ಬಾಗಿಲು ತೆಗೆದುಕೊಟ್ಟಾಗ ನಾನು ಹತ್ತಿ ಕೂರಲಿಲ್ಲ. ಅದಕ್ಕೆ ನೀವು ಬೇಸರ ಮಾಡಿಕೊಂಡಂತೆ ಕಂಡಿತು. ಸೀಟಿನ ವಾಸನೆ ಬೇರೆಯಾಗಿತ್ತು.

ನಿಮ್ಮ ತಂದೆಯವರು ಜಗುಲಿಯಲ್ಲಿ ಕೂತಿದ್ದರು. ನಾನು ನನ್ನ ಹೆಸರು ಹೇಳಲಿಲ್ಲ. ಆದರೂ ನನ್ನ ಮುಖ ನೋಡಿ ಕೈಯಲ್ಲಿದ್ದ ಲೋಟ ಕೆಳಗಿಟ್ಟರು. "ಸುಂದರಮ್ಮನೋರು ಚೆನ್ನಾಗಿದಾರಾ?" ಎಂದರು. ನಾನು ಹೌದೆಂದೆ. ಎದ್ದು ಒಳಗೆ ಹೋದವರು ಮತ್ತೆ ಬರಲಿಲ್ಲ.

ಇದನ್ನು ಯೋಚಿಸಿ ಯೋಚಿಸಿ ನನ್ನ ತಲೆ ಕೆಟ್ಟಿದೆ. ಅಣ್ಣನ ಹೆಸರನ್ನೇ ಎತ್ತದವರು ನಮ್ಮ ಅಮ್ಮನ ಕ್ಷೇಮವನ್ನು ಏಕೆ ಕೇಳಿದರು? ಮನೆಗೆ ಬಂದು ಅಮ್ಮನಿಗೆ ಹೇಳಿದರೆ, ಅವರು ಹೂ ಕಟ್ಟುತ್ತಿದ್ದದ್ದನ್ನು ನಿಲ್ಲಿಸದೆ, "ವಯಸ್ಸಾದೋರನ್ನ ಯಾಕಮ್ಮ ಗೋಳು ಹುಯ್ಕೊಳ್ತೀಯಾ? ಬಿಟ್ಬಿಡು" ಎಂದರು. ಮೋಸ ಹೋದವರ ಹೆಂಡತಿ ಆಡುವ ಮಾತೇ ಇದು?

ನನಗೆ ಈಗ ಕಾರಿಗಿಂತ ಇದು ತಿಳಿಯಬೇಕು.

ಸುಪ್ರಜಾ

*

ಚಾಮರಾಜಪೇಟೆ
9 ಮೇ 1998

ಸುಪ್ರಜಾ ಅವರಿಗೆ,

ಮೊನ್ನೆ ಅಪ್ಪಾಜಿಯ ಎದುರು ಅವರ ಕಾಗದವನ್ನೇ ಇಟ್ಟೆ. ಕನ್ನಡಕ ಹಾಕಿಕೊಂಡು ಪೂರ್ತಿ ಓದಿದರು.

"ನಾನೇ ಬರ್ದಿದ್ದು," ಎಂದರು.

"ಚಾಸಿಲಿ ಬಿರುಕಿಲ್ಲ ಅಪ್ಪಾಜಿ."

"ಇಲ್ಲ."

"ಮತ್ತೆ ಯಾಕೆ ಹಾಗೆ ಬರದ್ರಿ?"

"ಸುಳ್ಳು ಬರ್ದೆ. ಯಾಕೆ ಅಂತ ಮಾತ್ರ ಕೇಳ್ಬೇಡ ಕೇದಾರ."

ನಾನು ಕೇಳಿದೆ. ಕೂಗಾಡಿದೆ. ಆ ಕಾರಿನ ಮೇಲೆ ಕಣ್ಣು ಹಾಕಿ ಸ್ನೇಹಿತನನ್ನು ವಂಚಿಸಿದಿರಾ ಎಂದು ಕೇಳಿದೆ. ನನಗೆ ಸ್ಪ್ಯಾನರ್ ಹಿಡಿಯಲು ಕಲಿಸಿದವರು ಅವರು. 'ಹಳೇ ಕಾರು ಸುಳ್ಳು ಸಹಿಸಲ್ಲ, ಕದ್ದ ಪಾರ್ಟ್ ಹಾಕಿದ್ರೆ ಒಂದಲ್ಲ ಒಂದಿನ ಹೇಳ್ಬಿಡುತ್ತೆ' ಎಂದು ನನ್ನ ಹತ್ತನೆಯ ವಯಸ್ಸಿನಲ್ಲಿ ಹೇಳಿದವರು. ಅವರು ಕನ್ನಡಕ ತೆಗೆದು ಕಾಗದದ ಮೇಲಿಟ್ಟರು. ಕಡೆಗೆ, "ಅವರ ಕಾರು ಅವರಿಗೆ ಕೊಟ್ಬಿಡು. ನಾನೂ ಅದನ್ನೇ ಹೇಳೋಣ ಅಂತಿದ್ದೆ," ಎಂದರು.

ಅಂದಿನಿಂದ ನಾವಿಬ್ಬರೂ ಮಾತಾಡುತ್ತಿಲ್ಲ. ಒಂದೇ ಮನೆಯಲ್ಲಿದ್ದೇವೆ.

ವರ್ಗಾವಣೆಯ ಅರ್ಜಿಗಳನ್ನು ಇದರೊಂದಿಗೆ ಇಟ್ಟಿದ್ದೇನೆ. ಅಪ್ಪಾಜಿ ಸಹಿ ಹಾಕಿದ್ದಾರೆ. ನೀವು ಸಹಿ ಹಾಕಿ ಕಳಿಸಿದರೆ ಕಾರನ್ನು ನಾನೇ ಓಡಿಸಿಕೊಂಡು ತಂದು ನಿಮ್ಮ ಮನೆಯ ಮುಂದೆ ನಿಲ್ಲಿಸುತ್ತೇನೆ.

ಉಳಿದ ಮೂರು ಕಾರುಗಳ ಕಾಗದಪತ್ರಗಳನ್ನೂ ತೆಗೆದು ನೋಡುತ್ತಿದ್ದೇನೆ. ನೋಡಬಾರದಿತ್ತು ಎನಿಸುತ್ತಿದೆ. ಎಲ್ಲ ಸರಿಯಾಗಿಯೇ ಇದೆ, ಆದರೂ ಪ್ರತಿ ಸಹಿಯ ಹಿಂದೆ ಯಾರಿಗೆ ಏನು ಹೇಳಿದ್ದರೋ ಎಂದು ಅನುಮಾನ ಬರುತ್ತದೆ.

ಕೇದಾರ್

*

ಮಲ್ಲೇಶ್ವರ
18 ಮೇ 1998

ಚಿರಂಜೀವಿ ಕೇದಾರನಿಗೆ ಸುಂದರಮ್ಮ ಮಾಡುವ ಆಶೀರ್ವಾದ.

ನಾನು ಸುಪ್ರಜಾಳ ತಾಯಿ. ನೀನು ಕಳಿಸಿದ ಅರ್ಜಿಗಳು ಮೇಜಿನ ಮೇಲಿವೆ. ನಿನ್ನ ಪತ್ರವನ್ನೂ ಓದಿದೆ. ನಿನ್ನ ತಂದೆಯವರ ಜೊತೆ ನೀನು ಮಾತು ಬಿಟ್ಟಿದ್ದೀಯ ಎಂದು ತಿಳಿದ ಮೇಲೆ ನನಗೆ ಸುಮ್ಮನಿರಲಾಗಲಿಲ್ಲ.

ಆ ದಿನ ರಸ್ತೆಯಲ್ಲಿ ನಾಯಿ ಇರಲಿಲ್ಲಪ್ಪ. ನಾನು ಹಿಂದಿನ ಸೀಟಿನಲ್ಲಿದ್ದೆ. ಕಾರು ನಡೆಸುತ್ತಿದ್ದ ಹಾಗೆಯೇ ನಮ್ಮ ಯಜಮಾನರ ಕತ್ತು ಒಂದು ಕಡೆ ತಿರುಗಿತು, ತುಟಿ ಚಪ್ಪರಿಸತೊಡಗಿದರು. ನಾನು ಕರೆದರೆ ಕೇಳಿಸಲಿಲ್ಲ. ಕಂಬಕ್ಕೆ ಬಡಿದು ಕಾರು ನಿಂತಿತು. ಒಂದು ನಿಮಿಷದ ಮೇಲೆ ಎಚ್ಚರವಾಗಿ ನನ್ನ ಕಡೆ ತಿರುಗಿ, "ನಾಯಿಗೆ ಏನೂ ಆಗ್ಲಿಲ್ಲ ತಾನೆ?" ಎಂದರು. ಅವರು ಸುಳ್ಳು ಹೇಳುತ್ತಿರಲಿಲ್ಲ. ಅವರಿಗೆ ಹಾಗೆಯೇ ಕಂಡಿತ್ತು.

ಅದಕ್ಕೂ ಮುಂಚೆ ಮನೆಯಲ್ಲಿ ಎರಡು ಸಲ ಹಾಗಾಗಿತ್ತು. ಡಾಕ್ಟರು ಇದೂ ಒಂದು ರೀತಿಯ ಫಿಟ್ಸ್, ಕಾರು ಮುಟ್ಟಲೇಬಾರದು ಎಂದರು. ಇವರು ಡಾಕ್ಟರ ಮೇಲೆಯೇ ರೇಗಿ ಎದ್ದು ಬಂದರು. ನನ್ನ ಇಬ್ಬರು ನಾದಿನಿಯರು ಮದುವೆಗೆ ನಿಂತಿದ್ದ ಕಾಲ. ಅಣ್ಣನಿಗೆ ಫಿಟ್ಸ್ ಇದೆ ಎಂದು ಒಂದು ಕಿವಿಗೆ ಬಿದ್ದಿದ್ದರೆ ಯಾರೂ ನಮ್ಮ ಮನೆಯ ಮೆಟ್ಟಿಲು ಹತ್ತುತ್ತಿರಲಿಲ್ಲ. ಕಾರು ಷೆಡ್ಡಿನಿಂದ ಬಂದ ಮೊದಲ ಭಾನುವಾರವೇ ಮಗುವನ್ನು ಕೂರಿಸಿಕೊಂಡು ನಂದಿಬೆಟ್ಟಕ್ಕೆ ಹೋಗುವುದೆಂದು ಅವರು ದಿನ ಎಣಿಸುತ್ತಿದ್ದರು. ನಾನು ಯಾರಿಗೆ ಹೇಳಲಿ?

ಬಸ್ಸು ಹತ್ತಿ ಚಾಮರಾಜಪೇಟೆಗೆ ಬಂದು ನಿನ್ನ ತಂದೆಯ ಮುಂದೆ ಅತ್ತೆ. ಆ ಕಾರು ನಮ್ಮ ಮನೆಗೆ ವಾಪಸ್ಸು ಬರಬಾರದು, ಏಕೆಂದು ಯಾರಿಗೂ ಗೊತ್ತಾಗಬಾರದು ಎಂದೆ. ಚಾಸಿ, ಬಿರುಕು ಎಲ್ಲ ಅವರು ಹುಡುಕಿದ ನೆಪ. ಹೇಳಿಸಿದ್ದು ನಾನು. ಇಪ್ಪತ್ತನಾಲ್ಕು ವರ್ಷ ಅವರು ಬಾಯಿ ಬಿಡಲಿಲ್ಲ. ಮಗ ಕಳ್ಳನೆಂದಾಗಲೂ ಬಿಡಲಿಲ್ಲ.

ಇದನ್ನು ಸುಪ್ರಜಾಳ ಮುಖ ನೋಡಿ ಹೇಳುವ ಧೈರ್ಯ ನನಗಿಲ್ಲ. ಈ ಕಾಗದವನ್ನು ಅಂಟಿಸದೆ, ಪೋಸ್ಟಿಗೆ ಹಾಕು ಎಂದು ಅವಳ ಕೈಗೆ ಕೊಡುತ್ತಿದ್ದೇನೆ.

ನಿನ್ನ ತಂದೆಯವರಿಗೆ ನನ್ನ ನಮಸ್ಕಾರ ತಿಳಿಸು.

ಸುಂದರಮ್ಮ

*

ಮಲ್ಲೇಶ್ವರ
12 ಜೂನ್ 1998

ಶ್ರೀ ಶಿವರುದ್ರಪ್ಪನವರಿಗೆ ನಮಸ್ಕಾರಗಳು.

ಇಷ್ಟು ದಿನ ನಿಮ್ಮ ಮಗನಿಗೆ ಬರೆದೆ. ಇದನ್ನು ನಿಮಗೇ ಬರೆಯುತ್ತಿದ್ದೇನೆ.

ಅಮ್ಮನ ಕಾಗದವನ್ನು ಸಂಪಿಗೆ ರಸ್ತೆಯ ಅಂಚೆ ಡಬ್ಬಿಯ ಪಕ್ಕದಲ್ಲಿ ನಿಂತು ಓದಿದೆ. ಆಮೇಲೆ ಅಂಟಿಸಿ ಹಾಕಿದೆ. ಮನೆಗೆ ಬಂದ ಮೇಲೆ ಅಮ್ಮನೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಒಂಬತ್ತು ದಿನ ಹಾಗೆಯೇ ಕಳೆಯಿತು.

ಆ ನಾಯಿ ನನಗೆ ಇವತ್ತಿಗೂ ಕಾಣುತ್ತದೆ. ಕಂದು ಬಣ್ಣ, ಬಾಲದ ತುದಿ ಬಿಳಿ. ಇಲ್ಲದ ನಾಯಿಯ ಬಾಲಕ್ಕೆ ನಾನು ಯಾವಾಗ ಬಿಳಿ ಬಣ್ಣ ಹಚ್ಚಿದೆನೋ ತಿಳಿಯದು. ನನ್ನ ನೆನಪನ್ನೇ ನಂಬದ ಮೇಲೆ ಇನ್ನು ಯಾರನ್ನು ನಂಬಲಿ? ಈಗ ಅಮ್ಮ ಸಾರಿಗೆ ಉಪ್ಪು ಹಾಕಿದ್ದೇನೆ ಎಂದರೂ ನಾನು ರುಚಿ ನೋಡದೆ ಒಪ್ಪುವುದಿಲ್ಲ. ಹತ್ತನೆಯ ದಿನ ಅಮ್ಮ ಅದಕ್ಕೆ ಅತ್ತರು. ನಾನೂ ಅತ್ತೆ. ಅವರು ಕಾರನ್ನು ತಡೆಯದೆ ಇದ್ದಿದ್ದರೆ ನಂದಿಬೆಟ್ಟದ ತಿರುವಿನಲ್ಲಿ ನಾವು ಏನಾಗುತ್ತಿದ್ದೆವೋ ಎಂಬುದು ನನಗೆ ಅರ್ಥವಾಗುತ್ತದೆ. ಆದರೆ ಹದಿನೈದು ವರ್ಷ ಅಣ್ಣ ಗೇಟಿನ ಹತ್ತಿರ ಕೂತಿದ್ದನ್ನು ಅಮ್ಮ ಅಡುಗೆಮನೆಯಿಂದ ನೋಡಿಕೊಂಡು ಇದ್ದರಲ್ಲ, ಅದು ಅರ್ಥವಾಗುವುದಿಲ್ಲ.

ಕೇದಾರ್ ಅವರು ಕಳಿಸಿದ ಅರ್ಜಿಗಳನ್ನು ಸಹಿ ಹಾಕದೆ ಹಿಂದಿರುಗಿಸುತ್ತಿದ್ದೇನೆ. ಕಾರು ನಿಮ್ಮಲ್ಲೇ ಇರಲಿ. ಅದರ ಕೆಳಗೆ ನಾಲ್ಕು ತಿಂಗಳು ಮಲಗಿದವರು ಅದನ್ನು ನನಗಿಂತ ಚೆನ್ನಾಗಿ ನೋಡಿಕೊಳ್ಳುತ್ತಾರೆ. ವರ್ಷಕ್ಕೊಮ್ಮೆ ಬಂದು ನೋಡುತ್ತೇನೆ.

ನಿಮ್ಮಿಂದ ನನಗೆ ಬೇಕಾದದ್ದು ಎರಡು ಉತ್ತರ. ಅಮ್ಮ ಕೇಳಿದ್ದಕ್ಕಷ್ಟೇ ನೀವು ಆ ಕಾರನ್ನು ಇಟ್ಟುಕೊಂಡಿರಾ? ಅಣ್ಣ ಆಮೇಲೆ ಯಾವತ್ತಾದರೂ ನಿಮ್ಮಲ್ಲಿಗೆ ಬಂದಿದ್ದರಾ? ನನ್ನ ಮನಸ್ಸಿಗೆ ಸಮಾಧಾನವಾಗಲಿ ಎಂದು ಏನನ್ನೂ ಸೇರಿಸಬೇಡಿ.

ಸುಪ್ರಜಾ

*

ಚಾಮರಾಜಪೇಟೆ
2 ಜುಲೈ 1998

ಸೌಭಾಗ್ಯವತಿ ಸುಪ್ರಜಾಳಿಗೆ ಶಿವರುದ್ರಪ್ಪನ ಆಶೀರ್ವಾದಗಳು.

ಮಗೂ, ನಿನ್ನ ಕಾಗದ ಬಂದು ಎರಡು ವಾರವಾಯಿತು. ವಯಸ್ಸಾಯಿತು, ದಿನಕ್ಕೆ ನಾಲ್ಕು ಸಾಲು ಬರೆಯುತ್ತಿದ್ದೇನೆ. ನಿನ್ನ ತಾಯಿಯ ಪತ್ರ ಓದಿದ ದಿನ ಕೇದಾರ ಬಂದು ನನ್ನ ಪಕ್ಕದಲ್ಲಿ ಕೂತ. "ತಿಂಡಿ ತಿಂದ್ರಾ ಅಪ್ಪಾಜಿ?" ಎಂದ. ಆಗಲೇ ಸಂಜೆ ಐದಾಗಿತ್ತು. ಇಲ್ಲಪ್ಪ ಎಂದೆ.

ಮೊದಲನೆಯ ಪ್ರಶ್ನೆ. ನಿನ್ನ ತಾಯಿ ಅತ್ತುಕೊಂಡು ಕೇಳಿದಾಗ ನನಗೆ ದುಃಖವಾಗಬೇಕಿತ್ತು. ಆಗಲಿಲ್ಲ. ಆ ಆಸ್ಟಿನ್ ಅನ್ನು ನನಗೆ ಕೊಡಿ ಎಂದು ರಾಮಾನುಜ ಅವರನ್ನು ಅದಕ್ಕೆ ಮುಂಚೆ ಎರಡು ಸಲ ಕೇಳಿದ್ದೆ, ಅವರು ನಕ್ಕು ಬಿಟ್ಟಿದ್ದರು. ಆಯಮ್ಮ ಬಸ್‌ಸ್ಟಾಪಿನವರೆಗೂ ಹೋಗಿರಲಿಲ್ಲ, ನಾನು ಷೆಡ್ಡಿನಲ್ಲಿ ನಿಂತು ಇದಕ್ಕೆ ಕೆಂಪು ಬಣ್ಣ ಒಪ್ಪುತ್ತದೆ ಎಂದು ಯೋಚಿಸುತ್ತಿದ್ದೆ. ನಿಜವಾಗಿಯೂ ಗುಜರಿಗೆ ಹಾಕಬಹುದಿತ್ತು, ದೂರದ ಊರಿನವರಿಗೆ ಕೊಡಬಹುದಿತ್ತು. ಮಾಡಲಿಲ್ಲ. ಮಾತು ಉಳಿಸಿಕೊಂಡೆ ಎಂದು ನಿನ್ನ ತಾಯಿ ನನ್ನನ್ನು ದೊಡ್ಡವನು ಮಾಡಿದ್ದಾರೆ. ಆಸೆಯೂ ಇತ್ತು. ನಿನ್ನ ಅನುಮಾನ ಪೂರ್ತಿ ಸುಳ್ಳಲ್ಲ.

ಎರಡನೆಯದು. ಬಂದಿದ್ದರು. ಒಂದೇ ಸಲ. 1983ರ ಶ್ರಾವಣದಲ್ಲಿ, ಶನಿವಾರ ಮಧ್ಯಾಹ್ನ. ಈ ಕಡೆ ಬ್ಯಾಂಕಿನ ಕೆಲಸವಿತ್ತು ಎಂದರು. ಒಂಬತ್ತು ವರ್ಷದ ಮೇಲೆ ಮುಖ ನೋಡಿದ್ದು. ಕೂರಿಸಿ ಕಾಫಿಗೆ ಹೇಳಿದೆ. ಕೈ ತೊಳೆಯಬೇಕು ಎಂದು ಎದ್ದರು. ನಲ್ಲಿ ಇರುವುದು ಹಿತ್ತಲಲ್ಲಿ, ಷೆಡ್ಡಿನ ಪಕ್ಕ. ನಾನು ಹಿಂದೆಯೇ ಹೋಗಿ ಬಾಗಿಲಲ್ಲಿ ನಿಂತೆ.

ಕಾರಿಗೆ ಟಾರ್ಪಾಲು ಹೊದಿಸಿತ್ತು. ಬಣ್ಣ ಕಾಣುತ್ತಿರಲಿಲ್ಲ, ನಂಬರೂ ಕಾಣುತ್ತಿರಲಿಲ್ಲ. ಮುಂದಿನ ಒಂದು ಚಕ್ರ ಮಾತ್ರ ಹೊರಗಿತ್ತು. ಅವರು ಕೈ ತೊಳೆದು, ಪಂಚೆಗೆ ಒರೆಸಿಕೊಂಡು, ಆ ಚಕ್ರವನ್ನು ನೋಡುತ್ತ ನಿಂತರು. ಆಮೇಲೆ ಬಗ್ಗಿ ಟೈರನ್ನು ಹೆಬ್ಬೆರಳಿನಲ್ಲಿ ಒತ್ತಿದರು. ಟಾರ್ಪಾಲು ಎತ್ತಲಿಲ್ಲ. ಎತ್ತಿದ್ದರೆ ನಾನು ಅಲ್ಲೇ ಎಲ್ಲವನ್ನೂ ಹೇಳಿಬಿಡುತ್ತಿದ್ದೆ.

ಒಳಗೆ ಬಂದು ಕಾಫಿ ಕುಡಿದರು. ನಿನ್ನ ಪರೀಕ್ಷೆ ಫಲಿತಾಂಶ, ಗಣಿತದಲ್ಲಿ ನೂರಕ್ಕೆ ತೊಂಬತ್ತೆಂಟು ಬಂದದ್ದು, ಇದನ್ನೆಲ್ಲ ಹೇಳಿದರು. ಗೇಟಿನವರೆಗೆ ಹೋಗಿ ಕಳಿಸಿದೆ. ಚಿಲಕ ತೆಗೆಯುತ್ತ, ನನ್ನ ಮುಖ ನೋಡದೆ ಅಂದರು:

"ಎಡಗಡೆ ಟೈರಲ್ಲಿ ಗಾಳಿ ಕಮ್ಮಿ ಇದೆ ಶಿವರುದ್ರಪ್ಪನೋರೇ. ಹಾಗೇ ನಿಲ್ಲಿಸಿದ್ರೆ ರಬ್ಬರ್ ಹಾಳಾಗತ್ತೆ."

ಅಷ್ಟು ಹೇಳಿ ಬಸ್‌ಸ್ಟಾಪಿನ ಕಡೆ ನಡೆದರು. ಅವರಿಗೆ ಎಷ್ಟು ತಿಳಿದಿತ್ತು, ತಮ್ಮ ಕಾಯಿಲೆಯನ್ನೂ ಆ ವೇಳೆಗೆ ಒಪ್ಪಿಕೊಂಡಿದ್ದರೇ, ನಾನು ಹೇಳಲಾರೆ. ಮನೆಯಲ್ಲಿ ಅವರು ಬಾಯಿ ಬಿಟ್ಟಿಲ್ಲ ಎಂಬುದು ನಿನ್ನ ಕಾಗದದಿಂದಲೇ ನನಗೆ ಗೊತ್ತಾದದ್ದು. ಅವರು ತಿರುವು ದಾಟುವವರೆಗೆ ನಾನು ಗೇಟು ಹಿಡಿದು ನಿಂತಿದ್ದೆ. ಆಮೇಲೆ ಹಿತ್ತಲಿಗೆ ಹೋಗಿ, ಪಂಪು ತಂದು, ಟೈರಿಗೆ ಗಾಳಿ ಹಾಕಿದೆ.

ಇಂತಿ ನಿನ್ನ ಹಿತೈಷಿ,
ಶಿವರುದ್ರಪ್ಪ